ಮೂರು ಪಿನ್ನು, ನಾಲ್ಕು ಮಕ್ಸ್: ಲಿನಕ್ಸ್ ಕರ್ನಲ್‌ನಲ್ಲಿ ಹಂಚಿಕೆಯ ಮಲ್ಟಿಪ್ಲೆಕ್ಸರ್‌ಗೆ ದೊರೆತ ನೆಲೆ

ವಿದ್ಯುನ್ಮಾನ ಉಪಕರಣಗಳ ವಿನ್ಯಾಸದಲ್ಲಿ ಪಿನ್ನುಗಳ ಕೊರತೆ ಬಹು ಹಳೆಯ ಸಮಸ್ಯೆ. ಪ್ರೊಸೆಸರ್ ಚಿಪ್ಪಿನಿಂದ ಹೊರಬರುವ ಲೋಹದ ಕಾಲುಗಳು ಎಣಿಕೆಯವು. ಅದು ಗಮನಿಸಬೇಕಾದ ಸಂವೇದಕಗಳು, ಅಳೆಯಬೇಕಾದ ವೋಲ್ಟೇಜುಗಳು ಅದಕ್ಕಿಂತ ಎಷ್ಟೋ ಹೆಚ್ಚು. ಈ ಅಂತರವನ್ನು ತುಂಬುವ ಅಗ್ಗದ ಬಿಡಿಭಾಗವೇ ಮಲ್ಟಿಪ್ಲೆಕ್ಸರ್. 4051 ಎಂಬ ಸಂಖ್ಯೆಯಿಂದ ಪ್ರಸಿದ್ಧವಾದ ಚಿಪ್ಪನ್ನು ಉದಾಹರಣೆಯಾಗಿ ನೋಡಬಹುದು. ಅದರ ಒಂದು ಬದಿಗೆ ಎಂಟು ತಂತಿಗಳು, ಇನ್ನೊಂದು ಬದಿಗೆ ಒಂದೇ ತಂತಿ. ಎಂಟರಲ್ಲಿ ಯಾವುದು ಆ ಒಂದರೊಡನೆ ಕೂಡಬೇಕೆಂಬುದನ್ನು ಮೂರು ನಿಯಂತ್ರಣ ತಂತಿಗಳು ನಿರ್ಧರಿಸುತ್ತವೆ. ಪ್ರತಿಯೊಂದು ನಿಯಂತ್ರಣ ತಂತಿಗೂ ಎರಡು ಮಟ್ಟಗಳಿರುವುದರಿಂದ ಮೂರು ತಂತಿಗಳಿಂದ 8 ಸ್ಥಿತಿಗಳು ದೊರೆಯುತ್ತವೆ. ಇದಕ್ಕೆ ಬಹುಮಾರ್ಗಕವೆಂದೋ ಮತ್ತೇನೋ ಹೆಸರಿಡಲು ಅಡ್ಡಿಯಿಲ್ಲ. ಆದರೆ ಈ ಕ್ಷೇತ್ರದಲ್ಲಿ ದುಡಿಯುವವರ ಬಾಯಲ್ಲಿ ಅದು ಮಕ್ಸ್ ಎಂದೇ ನಿಂತಿದೆ. ಈ ಬರಹದಲ್ಲಿಯೂ ಅದೇ ಪದವನ್ನು ಬಳಸಲಾಗಿದೆ.

ಒಂದು ಮಕ್ಸ್‌ಗೆ ಒಬ್ಬನೇ ಬಳಕೆದಾರನಿದ್ದಾಗ ಕಾರ್ಯಾಚರಣ ವ್ಯವಸ್ಥೆಗೆ ಯಾವ ತೊಡಕೂ ಇಲ್ಲ. ತೊಡಕು ಆರಂಭವಾಗುವುದು ಅದೇ ನಿಯಂತ್ರಣ ತಂತಿಗಳನ್ನು ಇಬ್ಬರು ನೆಚ್ಚಿಕೊಂಡಾಗ. ಸ್ವೀಡನ್ನಿನ ಆಕ್ಸೆಂಟಿಯಾ ಟೆಕ್ನಾಲಜೀಸ್ ಸಂಸ್ಥೆಯ ಪೀಟರ್ ರೋಸಿನ್ ಅವರು 2016ರಲ್ಲಿ ಕೈಗೆತ್ತಿಕೊಂಡದ್ದು ಇಂತಹುದೇ ಒಂದು ಯಂತ್ರಾಂಶವನ್ನು. ಅದರಲ್ಲಿ ಮೂರೇ ಮೂರು ಪಿನ್ನುಗಳು ಎಂಟು ದಾರಿಯ ನಾಲ್ಕು ಮಕ್ಸ್‌ಗಳನ್ನು ಏಕಕಾಲಕ್ಕೆ ತಿರುಗಿಸುತ್ತಿದ್ದವು. ನಾಲ್ಕರಲ್ಲಿ ಮೂರು ಮಕ್ಸ್‌ಗಳು ಎಡಿಎಸ್1015 ಎಂಬ ಅಳತೆಯ ಚಿಪ್ಪಿಗೆ ವೋಲ್ಟೇಜುಗಳನ್ನು ತಲುಪಿಸುತ್ತಿದ್ದವು. ನಾಲ್ಕನೆಯದು ಐ2ಸಿ ಬಸ್ಸಿನ ದತ್ತಾಂಶ ತಂತಿಯನ್ನು ಬೇರೆ ಬೇರೆ ಕವಲುಗಳಿಗೆ ಜೋಡಿಸುತ್ತಿತ್ತು. ಹಣ ಮತ್ತು ಪಿನ್ನು ಎರಡನ್ನೂ ಉಳಿಸುವ ಈ ವಿನ್ಯಾಸದಲ್ಲಿ ಯಂತ್ರಾಂಶದ ದೃಷ್ಟಿಯಿಂದ ದೋಷವೇನೂ ಇಲ್ಲ. ಆದರೆ ಲಿನಕ್ಸ್ ಕರ್ನಲ್‌ನಲ್ಲಿ ವೋಲ್ಟೇಜ್ ಅಳೆಯುವ ಐಐಒ ವಿಭಾಗವೂ ಐ2ಸಿ ವಿಭಾಗವೂ ಬೇರೆ ಬೇರೆ ಮನೆಗಳು. ಒಂದರ ಆಗುಹೋಗು ಇನ್ನೊಂದಕ್ಕೆ ತಿಳಿಯುವುದಿಲ್ಲ.

ಐ2ಸಿ ಬಸ್ಸಿನ ವಿಷಯದಲ್ಲಿ ಇಲ್ಲಿ ತುಸು ನಿಲ್ಲಬೇಕು. ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿದ ಈ ಬಸ್ಸಿಗೆ ಎರಡೇ ತಂತಿಗಳು: ಒಂದು ಗಡಿಯಾರದ ಮಿಡಿತಕ್ಕೆ, ಇನ್ನೊಂದು ದತ್ತಾಂಶಕ್ಕೆ. ಬಸ್ಸಿನ ಮೇಲಿರುವ ಪ್ರತಿಯೊಂದು ಚಿಪ್ಪಿಗೂ ಸಾಮಾನ್ಯವಾಗಿ 7 ಬಿಟ್ಟುಗಳ ವಿಳಾಸವಿರುತ್ತದೆ. ಒಂದೇ ಮಾದರಿಯ ಎಂಟು ಚಿಪ್ಪುಗಳಿಗೆ ಒಂದೇ ವಿಳಾಸವಿದ್ದರೆ ಅವನ್ನು ಒಟ್ಟಿಗೆ ಕಟ್ಟಲಾಗದು. ಕರೆದಾಗ ಎಲ್ಲವೂ ಒಮ್ಮೆಗೇ ಓಗೊಡುತ್ತವೆ. ಆದ್ದರಿಂದ ನಡುವೆ ಮಕ್ಸ್ ಬರುತ್ತದೆ. ವಿಶೇಷವೆಂದರೆ ಎರಡು ತಂತಿಗಳಲ್ಲಿ ದತ್ತಾಂಶದ್ದನ್ನು ಮಾತ್ರ ಕವಲೊಡೆಸಿದರೂ ಸಾಕಾಗುತ್ತದೆ. ಗಡಿಯಾರದ ಮಿಡಿತ ಎಂಟಕ್ಕೂ ಕೇಳಿಸುತ್ತಿದ್ದರೂ ಮಾತು ಆರಂಭವಾಯಿತೆಂಬ ಸೂಚನೆ ಬರುವುದು, ಗಡಿಯಾರದ ತಂತಿ ಮೇಲಿರುವಾಗ ದತ್ತಾಂಶದ ತಂತಿ ಕೆಳಗಿಳಿದರೆ ಮಾತ್ರ. ದತ್ತಾಂಶದ ತಂತಿ ಕಡಿದುಹೋಗಿ, ರೋಧಕವೊಂದರ ಬಲದಿಂದ ಮೇಲ್ಮಟ್ಟದಲ್ಲೇ ನಿಂತಿರುವ ಚಿಪ್ಪು ಎಷ್ಟು ಮಿಡಿತ ಕೇಳಿದರೂ ಸುಮ್ಮನಿರುತ್ತದೆ. ಮಾತಿನ ನಡುವೆ ಮಕ್ಸ್ ತಿರುಗಿದರೆ ಮಾತ್ರ ಅನಾಹುತ. ಅರ್ಧ ಬೈಟು ಕೇಳಿಸಿಕೊಂಡ ಚಿಪ್ಪು ಉಳಿದರ್ಧಕ್ಕೆ ಕಾಯುತ್ತ ಕೂರುತ್ತದೆ. ಹೊಸದಾಗಿ ಜೋಡಣೆಗೊಂಡ ಚಿಪ್ಪಿಗೆ ತಲೆಬುಡವಿಲ್ಲದ ತುಣುಕು ತಲುಪುತ್ತದೆ.

ಈ ಪರಿಸ್ಥಿತಿಯನ್ನು ಆಗಿನ ಕರ್ನಲ್ ಹೇಗೆ ಎದುರಿಸುತ್ತಿತ್ತು? ಐ2ಸಿ ವಿಭಾಗದಲ್ಲಿ ಪಿನ್ನುಗಳ ಮೂಲಕ ಮಕ್ಸ್ ತಿರುಗಿಸುವ ಡ್ರೈವರ್ ಮೊದಲೇ ಇತ್ತು. ಅದು ಪಿನ್ನುಗಳನ್ನು ತನ್ನವೆಂದೇ ಭಾವಿಸಿ ಕರ್ನಲ್‌ನಿಂದ ಪಡೆದುಕೊಳ್ಳುತ್ತಿತ್ತು. ಜಿಪಿಐಒ ಎಂದು ಕರೆಯಲಾಗುವ ಸಾಮಾನ್ಯ ಬಳಕೆಯ ಪಿನ್ನನ್ನು ಕರ್ನಲ್ ವಾಡಿಕೆಯಂತೆ ಒಬ್ಬರಿಗೇ ಕೊಡುತ್ತದೆ; ಎರಡನೆಯವರು ಕೇಳಿದರೆ ಕೈಬಿಡುವಿಲ್ಲವೆಂಬ ಉತ್ತರ ಬರುತ್ತದೆ. ಈ ನಿಯಮ ಒಳ್ಳೆಯದೇ, ಏಕೆಂದರೆ ತಪ್ಪು ಒಡನೆಯೇ ಕಣ್ಣಿಗೆ ಬೀಳುತ್ತದೆ. ಆದರೆ ಅದರಿಂದ ನಾಲ್ಕು ಮಕ್ಸ್‌ಗಳ ಯಂತ್ರ ನಡೆಯುವುದಿಲ್ಲ. ಉಳಿದದ್ದು ಎರಡು ದಾರಿ. ಎಲ್ಲವನ್ನೂ ನುಂಗಿಕೊಂಡ, ಆ ಒಂದು ಫಲಕಕ್ಕೆ ಮಾತ್ರ ಹೊಂದುವ ಡ್ರೈವರ್ ಬರೆಯುವುದು ಒಂದು. ಪಿನ್ನುಗಳನ್ನು ಕರ್ನಲ್‌ನ ಹೊರಗಿನ ಪ್ರೋಗ್ರಾಮ್ ಒಂದರ ಕೈಗೆ ಕೊಟ್ಟು ಡ್ರೈವರುಗಳನ್ನು ಕತ್ತಲಲ್ಲಿಡುವುದು ಇನ್ನೊಂದು.

ಎರಡನೆಯ ದಾರಿಯ ಅಪಾಯವೇ ಹೆಚ್ಚಿನದು. ಮೂರನೆಯ ಕವಲಿನ ಬ್ಯಾಟರಿಯ ವೋಲ್ಟೇಜು ಬೇಕೆಂದು ಮಕ್ಸ್ ತಿರುಗಿಸಲಾಯಿತು. ಅಳತೆ ಮುಗಿಯುವ ಮೊದಲೇ ಐ2ಸಿ ಕೆಲಸಕ್ಕಾಗಿ ಮತ್ತೊಂದು ಪ್ರಕ್ರಿಯೆ ಅದನ್ನು ಐದನೆಯ ಕವಲಿಗೆ ತಿರುಗಿಸಿತು ಎಂದು ಭಾವಿಸಬಹುದು. ಅಳತೆಯ ಚಿಪ್ಪು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. 3.7 ವೋಲ್ಟ್ ಬರಬೇಕಾದಲ್ಲಿ 3.4 ವೋಲ್ಟ್ ಬರುತ್ತದೆ. ಅದು ಐದನೆಯ ಬ್ಯಾಟರಿಯ ನಿಜವಾದ ವೋಲ್ಟೇಜು, ಮೂರನೆಯದರ ಹೆಸರಿನಲ್ಲಿ ದಾಖಲಾದದ್ದು. ದೋಷಸೂಚನೆಯಿಲ್ಲ, ಯಂತ್ರ ನಿಲ್ಲುವುದಿಲ್ಲ, ಅಂಕಿ ನಂಬಲರ್ಹವಾಗಿಯೇ ಕಾಣುತ್ತದೆ. ಸಾವಿರ ಓದಿನಲ್ಲಿ ಒಮ್ಮೆ ಸಂಭವಿಸುವ ಇಂತಹ ತಪ್ಪನ್ನು ಪ್ರಯೋಗಾಲಯದ ಮೇಜಿನ ಮೇಲೆ ಹಿಡಿಯುವುದು ಬಹುಮಟ್ಟಿಗೆ ಆಗದ ಮಾತು. ಕುಸಿದುಬೀಳುವ ತಂತ್ರಾಂಶಕ್ಕಿಂತ ಸುಳ್ಳು ಹೇಳುವ ತಂತ್ರಾಂಶ ಹೆಚ್ಚು ಕಾಲ ಬಾಳುತ್ತದೆ.

ರೋಸಿನ್ ಅವರ ಪರಿಹಾರದ ತಿರುಳು ಇಷ್ಟು: ಮಕ್ಸ್‌ನ ಒಡೆತನವನ್ನು ಅದನ್ನು ಬಳಸುವ ಯಾವ ಡ್ರೈವರಿಗೂ ಕೊಡದೆ ಕರ್ನಲ್‌ನಲ್ಲಿ ಅದಕ್ಕೇ ಒಂದು ವಿಭಾಗವನ್ನು ಕಟ್ಟುವುದು. ಕೆರೆ ನೀರಾವರಿಯ ಊರುಗಳನ್ನು ಬಲ್ಲವರಿಗೆ ಈ ಏರ್ಪಾಡು ಹೊಸತೆನಿಸದು. ತೂಬೆತ್ತುವ ಅಧಿಕಾರ ಗದ್ದೆಯವರದಲ್ಲ, ನೀರುಗಂಟಿಯದು. ತಮಿಳು ಸೀಮೆಯಲ್ಲಿ ನೀರ್‌ಕಟ್ಟಿ ಎಂದು ಕರೆಯುವುದೂ ಅವನನ್ನೇ. ಯಾರ ಗದ್ದೆಗೆ ನೀರು ಹರಿಯುತ್ತಿದೆ, ಸರದಿ ಮುಗಿಯಿತೇ ಎಂಬುದು ಅವನೊಬ್ಬನಿಗೆ ತಿಳಿದಿದ್ದರೆ ಸಾಕು. ಗದ್ದೆಯವರು ಒಬ್ಬರನ್ನೊಬ್ಬರು ಅರಿತಿರಬೇಕಾಗಿಲ್ಲ. ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ನೀರುಗಂಟಿ ಒಣಗುತ್ತಿರುವ ಪೈರನ್ನು ಕಂಡು ಸರದಿ ಹಿಂದುಮುಂದು ಮಾಡಬಲ್ಲ. ಕರ್ನಲ್‌ನ ಈ ವಿಭಾಗಕ್ಕೆ ಅಂತಹ ವಿವೇಚನೆಯಿಲ್ಲ.

ಹಲವು ಬಾರಿ ತಿದ್ದುಪಡಿಗೊಂಡ ಈ ವಿಭಾಗ 2017ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಲಿನಕ್ಸ್ 4.13ರಲ್ಲಿ ಸೇರ್ಪಡೆಯಾಯಿತು. ಅದರ ರಚನೆಯಲ್ಲಿ ಮೂರು ಪದರಗಳನ್ನು ಗುರುತಿಸಬಹುದು. ಕೆಳಗಿನದು ಮಕ್ಸ್ ಅನ್ನು ನಿಜವಾಗಿ ತಿರುಗಿಸುವ ಪದರ. ಒಂದು ಡ್ರೈವರ್ ಪಿನ್ನುಗಳ ಮೂಲಕ ತಿರುಗಿಸುತ್ತದೆ, ಇನ್ನೊಂದು ಅನಲಾಗ್ ಡಿವೈಸಸ್ ಕಂಪನಿಯ ಎಡಿಜಿ792ಎ ಚಿಪ್ಪಿಗೆ ಐ2ಸಿ ಮೂಲಕ ಆದೇಶ ಕಳುಹಿಸುತ್ತದೆ, ಮತ್ತೊಂದು ಪ್ರೊಸೆಸರಿನೊಳಗಿನ ರಿಜಿಸ್ಟರಿನ ಕೆಲವು ಬಿಟ್ಟುಗಳನ್ನು ಬದಲಿಸುತ್ತದೆ. ಮೇಲಿನದು ಬಳಕೆದಾರರ ಪದರ: ವೋಲ್ಟೇಜಿನ ಐಐಒ ಮಕ್ಸ್, ಐ2ಸಿ ಮಕ್ಸ್, ವಿಡಿಯೊ ಮಕ್ಸ್. ನಡುವಿನ ತಿರುಳು ಕೆಲವೇ ನೂರು ಸಾಲುಗಳ ಸಣ್ಣ ಕಡತ. ಬಳಕೆದಾರನಿಗೆ ಅದು ಒದಗಿಸುವ ಮುಖ್ಯ ಕ್ರಿಯೆಗಳು ಎರಡೇ, ಸೆಲೆಕ್ಟ್ ಮತ್ತು ಡಿಸೆಲೆಕ್ಟ್. ಸೆಲೆಕ್ಟ್ ಎಂದರೆ ಇಂತಹ ಸ್ಥಿತಿಗೆ ತಿರುಗಿಸಿ ತನಗಾಗಿ ಹಿಡಿದಿಡು ಎಂಬ ಕೋರಿಕೆ. ಬೇರೊಬ್ಬರು ಹಿಡಿದಿದ್ದರೆ ಕೋರಿದವನು ಕಾಯಬೇಕು. ಡಿಸೆಲೆಕ್ಟ್ ಎಂದರೆ ಕೆಲಸ ಮುಗಿಯಿತು, ಬಿಟ್ಟುಕೊಟ್ಟೆ ಎಂಬ ಒಪ್ಪಿಗೆ. ಕಾಯಲು ಮನಸ್ಸಿಲ್ಲದವರಿಗೆ ಟ್ರೈ ಸೆಲೆಕ್ಟ್ ಎಂಬ ಮೂರನೆಯ ಕ್ರಿಯೆಯಿದೆ. ಮಕ್ಸ್ ಬಿಡುವಾಗಿಲ್ಲದಿದ್ದರೆ ಅದು ಕೂಡಲೇ ಹಿಂದಿರುಗುತ್ತದೆ. ವೋಲ್ಟೇಜ್ ಓದುವ ಡ್ರೈವರ್ ಪ್ರತಿ ಓದಿಗೂ ಮಕ್ಸ್ ಹಿಡಿಯುತ್ತದೆ, ಓದುತ್ತದೆ, ಬಿಡುತ್ತದೆ; ಓದಿನ ನಡುವೆ ಇನ್ನೊಬ್ಬರು ತಲೆಹಾಕಲು ಎಡೆಯಿಲ್ಲ.

ಯಾರು ಯಾವ ಮಕ್ಸ್ ಬಳಸುತ್ತಾರೆಂಬುದು ಡ್ರೈವರುಗಳಲ್ಲಿ ಬರೆದಿಲ್ಲವೆಂಬುದು ಗಮನಾರ್ಹ. ಅದು ಡಿವೈಸ್ ಟ್ರೀ ಎಂಬ ಪ್ರತ್ಯೇಕ ವಿವರಣೆಯಲ್ಲಿರುತ್ತದೆ. ಫಲಕದ ಮೇಲೆ ಏನೇನಿದೆ, ಯಾವುದು ಯಾವುದಕ್ಕೆ ಜೋಡಣೆಗೊಂಡಿದೆ ಎಂಬುದರ ಲಿಖಿತ ನಕ್ಷೆಯದು. ನಾಲ್ಕು ಮಕ್ಸ್‌ಗಳ ಯಂತ್ರದ ನಕ್ಷೆಯಲ್ಲಿ ಮೂರು ಪಿನ್ನುಗಳ ಒಂದು ನಿಯಂತ್ರಕವನ್ನು ಒಮ್ಮೆ ಹೆಸರಿಸಲಾಗುತ್ತದೆ. ಅನಂತರ ಮೂರು ವೋಲ್ಟೇಜ್ ಮಕ್ಸ್‌ಗಳೂ ಒಂದು ಐ2ಸಿ ಮಕ್ಸ್ ಕೂಡ ತಮ್ಮ ವಿವರದಲ್ಲಿ ಅದೇ ಹೆಸರನ್ನು ತೋರಿಸುತ್ತವೆ. ಇಲ್ಲಿ ಒಂದು ಸೂಕ್ಷ್ಮ ಭೇದವಿದೆ. ಮಕ್ಸ್ ನಾಲ್ಕಾದರೂ ನಿಯಂತ್ರಕ ಒಂದೇ. ಕರ್ನಲ್ ಕಾಪಾಡುವುದು ನಿಯಂತ್ರಕವನ್ನು. ಎಡಿಜಿ792ಎ ಚಿಪ್ಪಿನಲ್ಲಿ ಈ ಭೇದ ಇನ್ನೂ ಸ್ಪಷ್ಟ. ಅದರೊಳಗೆ ನಾಲ್ಕು ದಾರಿಯ ಮೂರು ಮಕ್ಸ್‌ಗಳಿವೆ. ಮೂರನ್ನೂ ಒಟ್ಟಿಗೆ ತಿರುಗುವ ಒಂದೇ ನಿಯಂತ್ರಕವೆಂದು ನಕ್ಷೆಯಲ್ಲಿ ಬರೆಯಬಹುದು, ಸ್ವತಂತ್ರವಾದ ಮೂರೆಂದೂ ಬರೆಯಬಹುದು. ಚಿಪ್ಪು ಅದೇ, ಡ್ರೈವರ್ ಅದೇ. ಫಲಕದ ವಿನ್ಯಾಸ ಬೇರೆಯಾದಂತೆ ಒಡೆತನದ ಗಡಿ ಬೇರೆಯಾಗುತ್ತದೆ.

ಮಕ್ಸ್ ಬಿಟ್ಟುಕೊಟ್ಟ ಮೇಲೆ ಅದು ಯಾವ ಸ್ಥಿತಿಯಲ್ಲಿರಬೇಕು ಎಂಬ ಪ್ರಶ್ನೆಯೂ ಸಣ್ಣದಲ್ಲ. ಇದ್ದಂತೆಯೇ ಇರಲಿ ಎನ್ನಬಹುದು, ಇಂತಹ ಸ್ಥಿತಿಗೆ ಮರಳಲಿ ಎನ್ನಬಹುದು, ಯಂತ್ರಾಂಶ ಒಪ್ಪಿದರೆ ಯಾವುದಕ್ಕೂ ಜೋಡಣೆಯಾಗದೆ ಇರಲಿ ಎಂದೂ ಹೇಳಬಹುದು. ಮೊದಲನೆಯದು ಪೂರ್ವನಿಯೋಜಿತ, ಅದರಿಂದ ಒಂದು ಲಾಭವುಂಟು. ತಿರುಳು ತಾನು ಕೊನೆಗೆ ತಿರುಗಿಸಿದ ಸ್ಥಿತಿಯನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಬಳಕೆದಾರ ಅದೇ ಸ್ಥಿತಿಯನ್ನು ಕೇಳಿದರೆ ಯಂತ್ರಾಂಶವನ್ನು ಮುಟ್ಟುವ ಅಗತ್ಯವೇ ಬೀಳದು. ತಿರುಗಿಸುವ ಪ್ರಯತ್ನ ವಿಫಲವಾದರೆ ಆ ನೆನಪನ್ನು ಅಳಿಸಿ, ಸ್ಥಿತಿ ಅಜ್ಞಾತವೆಂದು ಗುರುತಿಸಲಾಗುತ್ತದೆ. ಅಜ್ಞಾತಕ್ಕಾಗಿ ಬೇರೆ ಅಂಕಿಯನ್ನು ಹುಟ್ಟಿಸಿಲ್ಲ. ಇದ್ದಂತೆಯೇ ಇರಲಿ ಎಂಬುದರ ಅಂಕಿಯನ್ನೇ ಇದಕ್ಕೂ ಬಳಸಲಾಗಿದೆ. ಅದು ಯಾರೂ ಕೋರಲಾಗದ ಸ್ಥಿತಿಯಾದ್ದರಿಂದ ಗೊಂದಲಕ್ಕೆ ಆಸ್ಪದವಿಲ್ಲ.

ಕರ್ನಲ್ ಬರೆಯುವವರ ಗಮನ ಸೆಳೆಯಬೇಕಾದ ಆಯ್ಕೆ ಬೀಗಕ್ಕೆ ಸಂಬಂಧಿಸಿದ್ದು. ಒಬ್ಬರಿಗೆ ಮಾತ್ರ ಪ್ರವೇಶ ಕೊಡಲು ಲಿನಕ್ಸ್‌ನಲ್ಲಿ ವಾಡಿಕೆಯಾಗಿ ಬಳಸುವುದು ಮ್ಯೂಟೆಕ್ಸ್ ಎಂಬ ಬೀಗ. ಅದರ ನಿಯಮ ಕಟ್ಟುನಿಟ್ಟು: ಬೀಗ ಹಾಕಿದವನೇ ತೆಗೆಯಬೇಕು. ಮಕ್ಸ್ ವಿಭಾಗದಲ್ಲಿ ಅದರ ಬದಲು ಹಳೆಯ ಸೆಮಫೋರ್ ಬಂದಿದೆ. ಕಾರಣ ವಿಡಿಯೊ ಮಕ್ಸ್‌ನಂತಹ ಬಳಕೆದಾರರಲ್ಲಿ ಕಾಣುತ್ತದೆ. ಅಲ್ಲಿ ಕ್ಯಾಮೆರಾದ ದಾರಿಯನ್ನು ಜೋಡಿಸುವ ಆದೇಶ ಬಂದಾಗ ಮಕ್ಸ್ ಹಿಡಿದಿಡಲಾಗುತ್ತದೆ. ದಾರಿ ಕಡಿಯುವ ಆದೇಶ ಎಷ್ಟೋ ಹೊತ್ತಿನ ಮೇಲೆ, ಬಹುಶಃ ಬೇರೊಂದು ಪ್ರಕ್ರಿಯೆಯಿಂದ ಬರುತ್ತದೆ. ಒಬ್ಬರು ಹಾಕಿದ ಬೀಗವನ್ನು ಇನ್ನೊಬ್ಬರು ತೆಗೆಯಬೇಕಾದ ಇಂತಹ ಕಡೆ ಮ್ಯೂಟೆಕ್ಸ್ ಹೊಂದುವುದಿಲ್ಲ.

ಈ ಸಡಿಲಿಕೆಗೆ ತೆರಬೇಕಾದ ಬೆಲೆಯೂ ಇದೆ. ಸೆಮಫೋರ್ ವಾಸ್ತವದಲ್ಲಿ ಒಂದು ಎಣಿಕೆ. ಹಿಡಿದಾಗ ಒಂದು ಕಡಿಮೆಯಾಗುತ್ತದೆ, ಬಿಟ್ಟಾಗ ಒಂದು ಹೆಚ್ಚುತ್ತದೆ. ಬಿಟ್ಟವರು ಯಾರೆಂದು ಅದು ಕೇಳುವುದಿಲ್ಲ. ಡ್ರೈವರ್ ಒಂದು ಡಿಸೆಲೆಕ್ಟ್ ಮರೆತರೆ ಉಳಿದವರೆಲ್ಲ ಕಾಯುತ್ತಲೇ ಇರಬೇಕಾಗುತ್ತದೆ. ಇದು ತೊಂದರೆಯೇ ಆದರೂ ಯಂತ್ರ ನಿಂತುಹೋದದ್ದು ಕಾಣುತ್ತದೆ. ಇದಕ್ಕಿಂತ ಕೆಟ್ಟದ್ದು ತಿರುಗುಮುರುಗಾದ ತಪ್ಪು. ಸೆಲೆಕ್ಟ್ ವಿಫಲವಾದದ್ದನ್ನು ಗಮನಿಸದೆ ಡ್ರೈವರ್ ಡಿಸೆಲೆಕ್ಟ್ ಕರೆದರೆ, ಅಥವಾ ಒಂದೇ ಹಿಡಿತವನ್ನು ಎರಡು ಬಾರಿ ಬಿಟ್ಟರೆ, ಎಣಿಕೆ ಎರಡಕ್ಕೇರುತ್ತದೆ. ಅಲ್ಲಿಂದ ಮುಂದೆ ಇಬ್ಬರು ಬಳಕೆದಾರರು ಒಟ್ಟಿಗೆ ಒಳಬರುತ್ತಾರೆ. ಐದನೆಯ ಬ್ಯಾಟರಿಯ ವೋಲ್ಟೇಜು ಮೂರನೆಯದರ ಹೆಸರಿನಲ್ಲಿ ಮತ್ತೆ ದಾಖಲಾಗುತ್ತದೆ. ಯಶಸ್ವಿಯಾದ ಪ್ರತಿಯೊಂದು ಸೆಲೆಕ್ಟ್‌ಗೂ ಒಂದೇ ಒಂದು ಡಿಸೆಲೆಕ್ಟ್ ಇರತಕ್ಕದ್ದೆಂದು ಈ ವಿಭಾಗದ ಟಿಪ್ಪಣಿಗಳು ಒತ್ತಿ ಹೇಳುವುದು ಈ ಕಾರಣಕ್ಕೆ. ಹೇಳುವುದೇನೋ ಸರಿ, ಪಾಲಿಸುವ ಹೊಣೆ ಡ್ರೈವರ್ ಬರೆಯುವವರ ಮೇಲೆಯೇ ಉಳಿದಿದೆ. ವಿನ್ಯಾಸದ ಅತ್ಯಂತ ದುರ್ಬಲ ಎಡೆ ಇದು.

ಬೀಗಗಳ ಇನ್ನೊಂದು ಸಿಕ್ಕು ಐ2ಸಿ ಬಸ್ಸಿನಲ್ಲಿ ತಲೆದೋರುತ್ತದೆ. ಮಕ್ಸ್ ತಿರುಗಿಸುವ ಚಿಪ್ಪೇ ಐ2ಸಿ ಬಸ್ಸಿನ ಮೇಲಿರಬಹುದು, ಎಡಿಜಿ792ಎ ಅಂತಹುದು. ಐ2ಸಿ ವಿಭಾಗದ ಹಳೆಯ ಪದ್ಧತಿಯಲ್ಲಿ ಕವಲಿನ ಚಿಪ್ಪಿನೊಡನೆ ಮಾತನಾಡುವ ಮುನ್ನ ಮೂಲ ಬಸ್ಸಿಗೆ ಬೀಗ ಹಾಕಿ, ಅನಂತರ ಮಕ್ಸ್ ತಿರುಗಿಸಲಾಗುತ್ತಿತ್ತು. ಮಕ್ಸ್ ತಿರುಗಿಸುವ ಆದೇಶವೂ ಅದೇ ಬಸ್ಸಿನ ಮೇಲೆ ಹೋಗಬೇಕಾದರೆ ಆದೇಶ ಬಸ್ಸಿನ ಬೀಗಕ್ಕಾಗಿ ಕಾಯುತ್ತದೆ, ಬೀಗ ಹಿಡಿದವನು ಆದೇಶ ಮುಗಿಯಲೆಂದು ಕಾಯುತ್ತಾನೆ. ಡೆಡ್‌ಲಾಕ್ ಎಂದು ಕರೆಯುವ ಈ ಗಂಟನ್ನು ಬಿಡಿಸಲು ರೋಸಿನ್ ಅವರೇ 2016ರಲ್ಲಿ ಐ2ಸಿ ವಿಭಾಗದೊಳಗೆ ಎರಡನೆಯ ಪದ್ಧತಿಯೊಂದನ್ನು ತಂದರು. ಅದರಲ್ಲಿ ಬೀಗ ಬೀಳುವುದು ಮಕ್ಸ್‌ಗಳಿಗೆ. ಮೂಲ ಬಸ್ಸು ಪ್ರತಿಯೊಂದು ವರ್ಗಾವಣೆಯ ಅವಧಿಗೆ ಮಾತ್ರ ಬಂದ್ ಆಗುತ್ತದೆ. ಮಕ್ಸ್ ತಿರುಗಿಸುವುದು ಒಂದು ವರ್ಗಾವಣೆ, ಅನಂತರದ ಮಾತು ಇನ್ನೊಂದು. ಇವೆರಡರ ನಡುವೆ ಮೂಲ ಬಸ್ಸಿನ ಮೇಲಿನ ಬೇರೆ ಚಿಪ್ಪಿನ ಮಾತು ನುಸುಳಬಹುದು. ಬಹುತೇಕ ಯಂತ್ರಗಳಲ್ಲಿ ಅದರಿಂದ ಹಾನಿಯಿಲ್ಲ. ನುಸುಳುವಿಕೆಯನ್ನು ಸಹಿಸದ ಯಂತ್ರಾಂಶಕ್ಕೆ ಹಳೆಯ ಪದ್ಧತಿಯೇ ಬೇಕು. ಆದ್ದರಿಂದ ಎರಡೂ ಉಳಿದಿವೆ, ಯಾವುದು ಬೇಕೆಂಬುದನ್ನು ಸಾಮಾನ್ಯ ಐ2ಸಿ ಮಕ್ಸ್‌ನ ನಕ್ಷೆಯಲ್ಲಿ ಒಂದು ಪದದಿಂದ ಸೂಚಿಸಲಾಗುತ್ತದೆ.

ಪ್ರತ್ಯೇಕ ವಿಭಾಗ ಕಟ್ಟಿದ್ದರ ಪ್ರಯೋಜನ ಕೆಲವು ವರ್ಷಗಳ ಅನಂತರ ಅನಿರೀಕ್ಷಿತವಾದ ಕಡೆ ಕಂಡಿತು. ಮಕ್ಸ್ ತಿರುಗಿದ ಕ್ಷಣದಲ್ಲೇ ವೋಲ್ಟೇಜು ಹೊಸ ಮಟ್ಟಕ್ಕೆ ಬಂದು ನಿಲ್ಲುವುದಿಲ್ಲ. ದಾರಿಯಲ್ಲಿರುವ ರೋಧಕ, ಧಾರಕಗಳಿಂದಾಗಿ ತುಸು ಕಾಲ ಹಿಡಿಯುತ್ತದೆ. ಆದುದರಿಂದ ಓದುವ ಮೊದಲು ಇಷ್ಟು ಮೈಕ್ರೊಸೆಕೆಂಡ್ ಕಾಯಬೇಕೆಂದು ತಿಳಿಸುವ ಅವಕಾಶವನ್ನು ಸೇರಿಸಲಾಯಿತು. ಪ್ರತಿ ಓದಿಗೂ ಕಾದರೆ ಕಾಲ ವ್ಯರ್ಥ. ಹಾಗಾಗಿ ಕಾಯುವ ಅವಧಿಯನ್ನು ಕೋರಿಕೆಯ ಕ್ಷಣದಿಂದ ಎಣಿಸದೆ ಮಕ್ಸ್ ಕೊನೆಯ ಬಾರಿ ತಿರುಗಿದ ಕ್ಷಣದಿಂದ ಎಣಿಸಲಾಗುತ್ತದೆ; ಅಷ್ಟು ಕಾಲ ಆಗಲೇ ಕಳೆದಿದ್ದರೆ ಓದು ಕೂಡಲೇ ನಡೆಯುತ್ತದೆ. ಕೊನೆಯ ಬಾರಿ ತಿರುಗಿದ್ದು ಯಾವಾಗ ಎಂಬುದು ಬಳಕೆದಾರರಲ್ಲಿ ಯಾರಿಗೂ ಖಚಿತವಾಗಿ ತಿಳಿದಿರಲಾರದು, ಏಕೆಂದರೆ ತಿರುಗಿಸಿದವರು ಬೇರೊಬ್ಬರಿರಬಹುದು. ಅದು ತಿಳಿದಿರುವುದು ನಡುವಿನ ತಿರುಳಿಗೆ ಮಾತ್ರ.

ಆದರೂ ಎಲ್ಲ ಯಂತ್ರಗಳಿಗೂ ಇದು ಮದ್ದಲ್ಲ. ಇಬ್ಬರು ಬಳಕೆದಾರರಿಗೆ ಬೇಕಾದ ಸ್ಥಿತಿ ಒಂದೇ ಆಗಿದ್ದರೂ ಇಬ್ಬರೂ ಒಟ್ಟಿಗೆ ಬಳಸುವಂತಿಲ್ಲ. ಒಬ್ಬರು ಬಿಡುವವರೆಗೆ ಇನ್ನೊಬ್ಬರು ಕಾಯಬೇಕು. ಇದರ ಪರಿಣಾಮ ಕೆಲವೊಮ್ಮೆ ವಿಚಿತ್ರ. ರೋಸಿನ್ ಅವರ ಯಂತ್ರದಲ್ಲಿ ಅಳತೆ ಮಾಡುವ ಎಡಿಎಸ್1015 ಕೂಡ ಐ2ಸಿ ಮೂಲಕವೇ ಮಾತನಾಡುವ ಚಿಪ್ಪು. ಅದನ್ನೇ ಯಾರಾದರೂ ಅದೇ ಮೂರು ಪಿನ್ನುಗಳು ತಿರುಗಿಸುವ ಐ2ಸಿ ಕವಲಿನ ಆಚೆಗೆ ಇರಿಸಿದರು ಎನ್ನಬಹುದು. ವೋಲ್ಟೇಜ್ ಓದುವ ಡ್ರೈವರ್ ನಿಯಂತ್ರಕವನ್ನು ಹಿಡಿದುಕೊಂಡು ಎಡಿಎಸ್1015ರೊಡನೆ ಮಾತಿಗೆ ತೊಡಗುತ್ತದೆ. ಆ ಮಾತು ಐ2ಸಿ ಮಕ್ಸ್‌ನ ಮೂಲಕ ಸಾಗಬೇಕಾದ್ದರಿಂದ ಅದೇ ನಿಯಂತ್ರಕವನ್ನು ಮತ್ತೊಮ್ಮೆ ಕೋರುತ್ತದೆ. ಹಿಡಿದವನೂ ಕಾಯುವವನೂ ಒಬ್ಬನೇ. ಬೇಕಾದ ಸ್ಥಿತಿ ಒಂದೇ ಆಗಿದ್ದರೂ ತಿರುಳಿಗೆ ಅದು ಲೆಕ್ಕಕ್ಕಿಲ್ಲ. ಪ್ರಕ್ರಿಯೆಯನ್ನು ಹೊರಗಿನಿಂದ ಕೊಲ್ಲುವವರೆಗೂ ಕಾಯುವಿಕೆ ಮುಂದುವರಿಯುತ್ತದೆ. ಡಿವೈಸ್ ಟ್ರೀಯಲ್ಲಿ ಇಂತಹ ನಕ್ಷೆಯನ್ನು ಬರೆಯಲು ಯಾವ ಅಡ್ಡಿಯೂ ಇಲ್ಲ, ಬರೆದಾಗ ಎಚ್ಚರಿಸುವ ಪರೀಕ್ಷೆಯೂ ತಿರುಳಿನಲ್ಲಿಲ್ಲ. ಫಲಕದ ಮೇಲೆ ಅಳತೆಯ ಚಿಪ್ಪನ್ನು ಕವಲಿನ ಈಚೆಗೇ ಇರಿಸಬೇಕಾದ ವಿವೇಕ ವಿನ್ಯಾಸಕಾರರದು.